ಕೊನೆಯ ಮನುಷ್ಯ ಆಡಿದ ಮಾತು

"ಕಾಗೆಯೂ ಸತ್ತಿತು," ಎಂದು ಚಲುವರಾಜು ದನಿ ಗದ್ಗದ ಮಾಡಿಕೊಂಡು ಓದಿದರು.

"ಸದ್ಯ, ಅದೊಂದು ಉಳ್ಕಂಡಿತ್ತು," ಎಂದಳು ಹೆಂಡತಿ ಪುಟ್ಟತಾಯಮ್ಮ, ಗಂಡನ ಪಂಚೆ, ಟವೆಲ್ಲುಗಳನ್ನು ಬ್ಯಾಗಿಗೆ ತುರುಕುತ್ತಾ.

ಪಾಂಡವಪುರದ ಈ ಹೈಸ್ಕೂಲು ಮೇಷ್ಟ್ರ ಹೊಟ್ಟೆಯಲ್ಲಿ ಗಡ್ಡೆ. ಕುಯ್ದು ತೆಗೆದರೆ ಬದುಕುತ್ತೀರಿ, ತಡಮಾಡಿದರೆ ನಮ್ಮ ಕೈಯಲ್ಲಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿಯಾಗಿತ್ತು. ಮೇಷ್ಟ್ರು ಮಾತ್ರ ಆಪರೇಷನ್ನೂ ಬೇಡ, ಏನೂ ಬೇಡ ಎಂದು ಮನೆ ಹಿಡಿದು ಕೂತು, ಪ್ರಪಂಚ ಮುಳುಗಿದ ಮೇಲಿನ ಕಥೆ ಬರೆಯುತ್ತಿದ್ದರು. ತೊಂಬತ್ತೊಂಬತ್ತಕ್ಕೆ ಪ್ರಳಯವಂತೆ ಎಂದು ಊರೆಲ್ಲ ಪುಕಾರಿದ್ದ ಕಾಲ. ತನಗೊಂದು ಗಡ್ಡೆ ಬಂದರೆ ಭೂಮಿಗೇ ಬೆಂಕಿ ಬೀಳಬೇಕೆನ್ನುವ ಗಂಡನ ದೌಲತ್ತು ನೋಡಿ ಪುಟ್ಟತಾಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆದರಿಕೆಯೂ ಅಷ್ಟೇ ಇತ್ತು.

"ಮೈಸೂರು ಬಸ್ಸಿಗೆ ಹೊತ್ತಾಯ್ತು, ಏಳ್ರಿ."

"ಸುಮ್ಕಿರಮ್ಮಿ, ಕೊನೇ ಪುಟ. ಭರವಸೆ ಅನ್ನೋದೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ. ನನ್ ಕತೇಲಿ ಅದು ಒಂದ್ ಚೂರೂ ಇಲ್ಲ."

ಓದಿದರು. ಊರಿನಲ್ಲಿ ಉಳಿದವನು ಒಬ್ಬನೇ. ಬಾವಿಯಲ್ಲಿ ನೀರಿಲ್ಲ, ಆಕಾಶದಲ್ಲಿ ಸೂರ್ಯನಿಲ್ಲ. ಬೂದಿ ಮುಚ್ಚಿದ ಹೊಸ್ತಿಲು ದಾಟಿದವನು ಖಾಲಿ ಮನೆಯತ್ತ ತಿರುಗಿ 'ಬರ್ತೀನಿ' ಎಂದ. ಹೊರಟುಹೋದ. ಅಲ್ಲಿಗೆ ಕಥೆ ಮುಗಿಯಿತು.

ಪುಟ್ಟತಾಯಮ್ಮನ ಕೈ ನಿಂತಿತು. "ಏನಂದ?"

"ಬರ್ತೀನಿ ಅಂದ."

"ಯಾರ್ಗೆ?"

"ಯಾರೂ ಇಲ್ಲ. ಅದೇ ಕಣಮ್ಮಿ ದುರಂತ."

"ದುರಂತ ನಿಮ್ ತಲೆ! ಊರ್ನೆಲ್ಲ ಸಾಯ್ಸ್‌ಬುಟ್ಟು ಇವ್ನ ಬಾಯಲ್ಲಿ ಬತ್ತೀನಿ ಅನ್ನುಸ್ಬುಟ್ರಲ್ಲ. ಬತ್ತೀನಿ ಅಂದೋನು ಬರ್ದೆ ಇದ್ದಾನಾ?"

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಪೆನ್ನು ತೆಗೆದು ಆ ಮಾತನ್ನು ಹೊಡೆದುಹಾಕಿ, 'ಹೋಗ್ತೀನಿ' ಎಂದು ಬರೆದರು. ಹೆಂಡತಿಗೆ ಕೇಳಲೆಂದು ಜೋರಾಗಿ ಓದಲು ಹೊರಟವರಿಗೆ 'ಹೋ' ಎಂಬಲ್ಲಿಗೇ ಬಾಯಿ ಕಟ್ಟಿತು. ಮನೆ ಬಿಟ್ಟು ಹೊರಡುವವರು ಹಾಗೆನ್ನಬಾರದು, ಅಂದರೆ ತಿರುಗಿ ಬರುವುದಿಲ್ಲ ಎಂದು ಅವ್ವ ಬಾಯಿ ಮೇಲೆ ಹೊಡೆದು ಕಲಿಸಿದ್ದಳು.

"ಓದ್ರಿ," ಎಂದಳು ಪುಟ್ಟತಾಯಮ್ಮ. "ಅದೊಂದು ಮಾತ ನನ್ ಮುಂದೆ ಅಂದ್ಬುಡಿ. ಬ್ಯಾಗ ಬಿಚ್ಚಾಕ್ತೀನಿ."

ಮೇಷ್ಟ್ರು ಹಾಳೆಯನ್ನು ಮಡಚಿಟ್ಟರು. ಆಮೇಲೆ ಚಪ್ಪಲಿ ಹುಡುಕಿದರು.

"ಬಸ್ಸು ಹೊಂಟೋಗಿದ್ರೆ?"

"ಇನ್ನೊಂದು ಬತ್ತದೆ, ನಡೀರಿ."

ಅವಳು ಬ್ಯಾಗು ಹಿಡಿದು ಬೀದಿಗಿಳಿದಳು. ಮೇಷ್ಟ್ರು ಬಾಗಿಲೆಳೆದು ಬೀಗ ಹಾಕಿದರು. ಸ್ವಲ್ಪ ದೂರ ನಡೆದ ಪ್ರಳಯದ ಸಾಹಿತಿಗಳು ಏನೋ ನೆನಪಾದವರಂತೆ ಹಿಂದಕ್ಕೆ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಜಗ್ಗಿ ಜಗ್ಗಿ ನೋಡಿದರು.