ಸೋಪಿನ ವಾಸನೆ

ತೂಕ ಇಳಿಸುವ ಹೊಟ್ಟೆ ಆಪರೇಷನ್ ಆದಾಗಿನಿಂದ ಅವಳಿಗೆ ಗುಟುಕು ಗುಟುಕಾಗಿ ಗಂಜಿ, ಹಜಾರದಲ್ಲಿ ನಿಧಾನ ನಡಿಗೆ, ಅಷ್ಟೇ. ಗಂಡ ಮಾತ್ರ ದಿನಾ ಸಂಜೆ ತಡವಾಗಿ ಬಂದವನೇ ಅವಳ ಹತ್ತಿರ ಸುಳಿಯದೆ ಬಚ್ಚಲಿಗೆ ನುಗ್ಗಿ, ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ದಪ್ಪಗಿದ್ದಾಗ ಇಲ್ಲದ ಸವತಿ ಸಣ್ಣಗಾದ ಮೇಲೆ ಎಲ್ಲಿಂದ ಬಂದಳು? ಚಿಕ್ಕದು ಮಾಡಿಸಿಕೊಂಡ ಹೊಟ್ಟೆಯಲ್ಲಿ ದೊಡ್ಡ ಉರಿ ಎದ್ದಿತು.

ಒಂದು ಸಂಜೆ ಬಾಗಿಲಲ್ಲೇ ಅಡ್ಡ ನಿಂತಳು.

“ಯಾರ್ರೀ ಅವಳು?”

“ಯಾರೂ ಇಲ್ಲ ಕಣೇ,” ಎಂದು ಅವನು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಅವಳು ಅದನ್ನೆಳೆದು ಮೂಸಿದಳು. ಅವನು ತಲೆ ತಗ್ಗಿಸಿದ.

“ನಿನ್ನೆದುರು ತಿನ್ನೋಕೆ ಮನಸ್ಸಾಗಲ್ಲ. ಹೋಟ್ಲಲ್ಲೇ ಬೆಣ್ಣೆ ಮಸಾಲೆದೋಸೆ ತಿಂದ್ಬರ್ತೀನಿ.”

ಅವಳು ಕೈ ಬಿಡದೆ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

“ನಾಳೆಯಿಂದ ಸೋಪು ಮುಟ್ಟಿದ್ರೆ ನೋಡಿ!”