ಐಸ್‌ಲ್ಯಾಂಡಿಗೆ ಎರಡು ಮೂಟೆ ಆಲೂಗಡ್ಡೆ

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬೀಗದವನು ಭೂಗೋಳದ ಮೇಷ್ಟ್ರ ಮನೆಯ ಹಿಂಬಾಗಿಲು ತೆಗೆದ. ಆ ಬೀಗ ಕೂರಿಸಿದವನು ಅವನೇ. ಮೇಷ್ಟ್ರಿಗೆ ಎರಡು ಬೀಗದ ಕೈ ಕೊಟ್ಟು, ಮೂರನೆಯದನ್ನು ಜೇಬಿಗೆ ಇಳಿಸಿದ್ದ.

ಕಳ್ಳತನ ಅವನ ಕಸುಬಲ್ಲ. ಬೇಕಾಗಿದ್ದದ್ದು ಒಂದೇ ವಸ್ತು: ಅವನ ಅಪ್ಪ ಕೈಯಾರೆ ಮಾಡಿದ ಹಿತ್ತಾಳೆ ಬೀಗ. ಅಪ್ಪನ ಕೈಕೆಲಸದಲ್ಲಿ ಉಳಿದದ್ದು ಅದೊಂದೇ. ಒಂಬತ್ತನೇ ತರಗತಿಯಲ್ಲಿ, ಐಸ್‌ಲ್ಯಾಂಡಿನ ಪಾಠ ನಡೆಯುವಾಗ ಬೆಂಚಿನ ಕೆಳಗೆ ಅದನ್ನು ಬಿಚ್ಚುತ್ತಿದ್ದವನ ಕೈಯಿಂದ ಮೇಷ್ಟ್ರು ಕಿತ್ತುಕೊಂಡಿದ್ದರು. “ಪಾಸಾದ ದಿನ ಬಂದು ತಗೋ.” ಅವನು ಪಾಸಾಗಲಿಲ್ಲ. ಇಪ್ಪತ್ತೆಂಟು ವರ್ಷವಾಯಿತು. ಕಳೆದ ವಾರ ಹೊಸ ಬೀಗ ಕೂರಿಸುವಾಗ ಕೇಳಿದರೂ ಮೇಷ್ಟ್ರು ಅದೇ ರಾಗ ಎಳೆದಿದ್ದರು.

ನಿವೃತ್ತರಾದ ಮೇಷ್ಟ್ರು ಹೆಂಡತಿಯೊಂದಿಗೆ ಹತ್ತು ದಿನ ಐಸ್‌ಲ್ಯಾಂಡಿಗೆ ಹೊರಟಿದ್ದರು. ಮೂವತ್ತೈದು ವರ್ಷ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ ದ್ವೀಪ. ಬೀದಿಯಲ್ಲಿ ಯಾರು ಸಿಕ್ಕರೂ ಬಿಡುತ್ತಿರಲಿಲ್ಲ: ಅಲ್ಲಿ ರೈಲಿಲ್ಲ, ಜೂನ್ ತಿಂಗಳಲ್ಲಿ ಕತ್ತಲಾಗುವುದಿಲ್ಲ, ರಾಜಧಾನಿ ರೇಕ್ಯಾವಿಕ್. ಕೇಳಿ ಕೇಳಿ ಬೀದಿಯವರ ಕಿವಿ ತೂತಾಗಿತ್ತು.

ತಯಾರಿಯನ್ನಂತೂ ನೋಡಬೇಕಿತ್ತು. ಬೀಗದವನು ಹೋದ ದಿನ ಮೇಷ್ಟ್ರು ಸ್ಟೂಲಿನ ಮೇಲೆ ನಿಂತು, ಕಿಟಕಿಗಳಿಗೆಲ್ಲ ದಪ್ಪ ಕಪ್ಪು ಬಟ್ಟೆ ಹೊಡೆಯುತ್ತಿದ್ದರು.

“ಇದೇನು ಮೇಷ್ಟ್ರೇ?”

“ಅಲ್ಲಿ ಹೀಗೇ ಮಲಗೋದು ಕಣಯ್ಯ. ಈಗಿಂದಲೇ ಅಭ್ಯಾಸ ಆಗಬೇಕು.”

ಮೂಲೆಯಲ್ಲಿ ಎರಡು ಮೂಟೆ ಆಲೂಗಡ್ಡೆ.

“ಅಲ್ಲಿ ಊಟ ತುಂಬ ದುಬಾರಿಯಂತೆ” ಎಂದರು ಮೇಷ್ಟ್ರ ಹೆಂಡತಿ, ಯಾರೂ ಕೇಳದಿದ್ದರೂ.

ಮುಂಬಾಗಿಲಿಗೆ ದೂರದಿಂದಲೇ ಕಾಣುವ ದೊಡ್ಡ ಬೀಗ ಬೇಕಿತ್ತು. ಹಿಂಬಾಗಿಲಿನದು ಒಳಗಿನಿಂದಲೂ ತೆಗೆಯುವಂತಿರಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಉಣ್ಣೆಯ ಕಾಲುಚೀಲ ತೊಟ್ಟು, ಮನೆಯೊಳಗೆ ಬೆಕ್ಕಿನಂತೆ ಸದ್ದಿಲ್ಲದೆ ಓಡಾಡುತ್ತಿದ್ದರು. ಚಳಿಗೆ ಅಭ್ಯಾಸವಂತೆ. ಹೊರಗೆ ಬಿಸಿಲಿಗೆ ಡಾಂಬರು ಕರಗುತ್ತಿತ್ತು.

ಹೊರಟ ದಿನ ಪೆಟ್ಟಿಗೆಗಳನ್ನು ಟ್ಯಾಕ್ಸಿಗೆ ಏರಿಸಿದವನೂ ಬೀಗದವನೇ. ಕಿರುಬೆರಳಲ್ಲಿ ಎತ್ತಬಹುದಿತ್ತು.

“ಇದರಲ್ಲಿ ಏನೂ ಇಲ್ವಲ್ಲ ಮೇಷ್ಟ್ರೇ?”

“ಚಳಿ ದೇಶ ಕಣಯ್ಯ. ಬಟ್ಟೆಯೆಲ್ಲ ಮೈಮೇಲೇ ಇರುತ್ತೆ.”

ಮೂರು ಸ್ವೆಟರುಗಳ ಒಳಗೆ ಬೆವರಿ ತೊಪ್ಪೆಯಾಗಿದ್ದ ಮೇಷ್ಟ್ರು ಇಡೀ ಬೀದಿಗೆ ಕೈಬೀಸಿದರು. ಅದು ಮೊನ್ನೆ.

ಈಗ ಮನೆಯೊಳಗೆ ಹಗಲಲ್ಲೂ ಕಗ್ಗತ್ತಲು. ಬೀಗದವನು ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಕಬ್ಬಿಣದ ಬೀರುವಿನ ಮುಂದೆ ಕುಳಿತ. ತೆಗೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಎರಡನೆಯ ಖಾನೆಯಲ್ಲಿ, ಯಾವ್ಯಾವುದೋ ಕಾಲದ ಹುಡುಗರಿಂದ ಕಿತ್ತುಕೊಂಡ ಬುಗುರಿ, ಪೀಪಿ, ಗೋಲಿಗಳ ನಡುವೆ ಹಿತ್ತಾಳೆ ಬೀಗ ಕಿಲುಬು ಹಿಡಿದು ಕೂತಿತ್ತು. ಅಂಗಿಯ ತುದಿಯಿಂದ ಒರೆಸಿದ. ಕೊಂಡಿಯ ಬುಡದಲ್ಲಿ ಅಪ್ಪ ಕೊರೆದ ಮೂರು ಚುಕ್ಕಿಗಳು ಹಾಗೇ ಇದ್ದವು. ಅವುಗಳ ಮೇಲೆ ಹೆಬ್ಬೆರಳು ಆಡಿಸಿದ.

“ಐಸ್‌ಲ್ಯಾಂಡಿನ ರಾಜಧಾನಿ?”

ಬೆನ್ನ ಹಿಂದಿನಿಂದ ಪಿಸುದನಿ. ಟಾರ್ಚ್ ಬಾಯಿಂದ ಬಿತ್ತು. ಅವನು ಎದ್ದು ನಿಂತ. ನಾಲಿಗೆ ತಾನಾಗಿಯೇ ಹೊರಳಿತು.

“ರೇಕ್ಯಾವಿಕ್, ಸಾರ್.”

“ಪಾಸು. ತಗೊಂಡು ಹೋಗು.”

ಟಾರ್ಚ್ ಉರುಳಿ ಹೋಗಿ ಉಣ್ಣೆಯ ಕಾಲುಚೀಲಗಳ ಮೇಲೆ ಬೆಳಕು ಚೆಲ್ಲಿತು. ಎರಡು ಜೊತೆ. ಹೆಂಡತಿಯ ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ.

“ವೀಸಾ ಬರಲಿಲ್ಲ ಕಣಯ್ಯ” ಎಂದರು ಮೇಷ್ಟ್ರು, ಮುಖ ಎತ್ತದೆ. “ಅಷ್ಟೊತ್ತಿಗೆ ಬೀದಿಗೆಲ್ಲ ಸಾರಿಬಿಟ್ಟಿದ್ದೆ. ನಿಲ್ದಾಣದ ತನಕ ಹೋಗಿ, ಕತ್ತಲಾದ ಮೇಲೆ ಹಿಂಬಾಗಿಲಿಂದ ಬಂದ್ವಿ. ಇನ್ನೂ ಎಂಟು ದಿನ ನಾವು ಊರಲ್ಲಿಲ್ಲ.”

ಬೀಗದವನು ಅಪ್ಪನ ಬೀಗವನ್ನು ಜೇಬಿಗೆ ಹಾಕಿಕೊಂಡ.

“ನಾನೂ ಇಲ್ಲಿಗೆ ಬಂದಿಲ್ಲ ಬಿಡಿ.”

“ಹಾಗಿದ್ರೆ ನಾಳೆನೂ ಹೀಗೇ ಬರದೇ ಇರಪ್ಪ” ಎಂದರು ಹೆಂಡತಿ. “ಬರದೇ ಇರುವಾಗ ಒಂದು ಕೇಜಿ ಉಪ್ಪು ತಾ. ಇವರು ಆರು ತಿಂಗಳು ಕೂತು ಪಟ್ಟಿ ಮಾಡಿದ್ರು, ಉಪ್ಪೇ ಬರೆದಿಲ್ಲ.”

ಮರುದಿನ ಹನ್ನೊಂದೂ ಹತ್ತಕ್ಕೆ ಐಸ್‌ಲ್ಯಾಂಡಿಗೆ ಉಪ್ಪು ತಲುಪಿತು.