ಮೂರು ಮೆಲ್ಲನೆಯ ಏಟು

ತೋಪು ಹಾರಿತು. ಹಡಗುಕಟ್ಟೆಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಗೋಡೆಯ ಮೇಲೆ ಕೂತಿದ್ದ ಮುದುಕಿ ಬೆನೆಡೆಟ್ಟಾ ಮಾತ್ರ ಅಲುಗಲಿಲ್ಲ. ಲಾಝರೊ ಹಿಂದಿನಿಂದ ಕರೆದ. ಮತ್ತೆ ಕರೆದ. ತಿರುಗಲಿಲ್ಲ. ಯಾರೋ ಸುದ್ದಿ ಹೇಳಿಬಿಟ್ಟಿದ್ದಾರೆ ಎಂದುಕೊಂಡ.

ಎದುರಿಗೆ ಬಂದು ನಿಂತ. ಅವಳು ನಕ್ಕಳು.

“ಬಂದ್ಯಾ? ನನ್ನ ಮಗನಿಗೆ ಇನ್ನೂ ಮುನಿಸು ಇಳಿದಿಲ್ವಾ?”

ಮಗ ನಿಕೊಲಿನ್ ಸತ್ತು ಚಳಿಗಾಲವೊಂದು ಕಳೆದಿತ್ತು. ಇಲ್ಲಿ ಕಟ್ಟುತ್ತಿದ್ದ ಹಡಗಿನ ಅಟ್ಟಣೆಯಿಂದ ಬಿದ್ದಿದ್ದ. ತಾಯಿ ಆಗ ಸುಡುಜ್ವರದಲ್ಲಿದ್ದಳು. ಹೇಳಿದರೆ ಉಳಿಯುವುದಿಲ್ಲ ಎಂದಿದ್ದರು ವೈದ್ಯರು. ಸೆಸ್ಟ್ರಿಯ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು. ಮದುವೆಯ ಮಾತಿಗೆ ಮುನಿಸಿಕೊಂಡು ಬೇರೆ ಕೋಣೆ ಹಿಡಿದಿದ್ದಾನೆ ಎಂದು ಲಾಝರೊ ಸುಳ್ಳು ಹೇಳಿದ. ಅವನೂ ನಿಕೊಲಿನ್‌ನೂ ಉಕ್ಕಿನ ಹಲಗೆ ಬೆಸೆಯುವ ಒಂದೇ ರಿವೆಟ್ಟು ಮೊಳೆಯನ್ನು ಎದುರುಬದುರು ನಿಂತು ಬಡಿಯುತ್ತಿದ್ದ ಜೋಡಿ. ರಿವೆಟ್ಟು ಕೂತ ಮೇಲೆ ಮೂರು ಮೆಲ್ಲನೆಯ ಏಟು ಹಾಕುವುದು ನಿಕೊಲಿನ್‌ನ ರೂಢಿ, ಗೋಡೆಯ ಮೇಲಿನ ಅಮ್ಮನಿಗೆ ಕೇಳಲೆಂದು. ಜ್ವರ ಬಿಟ್ಟು ಅವಳು ಮತ್ತೆ ಗೋಡೆಗೆ ಬಂದ ದಿನದಿಂದ ಆ ಏಟು ಲಾಝರೊ ಹಾಕುತ್ತಿದ್ದ. “ಇವತ್ತೂ ಕೇಳಿಸ್ತು ಕಣೋ” ಎನ್ನುತ್ತಿದ್ದಳು. ಆ ಮಾತು ಕೇಳದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈಗ ಹಡಗು ಮುಗಿದಿತ್ತು. ತಮ್ಮ ದೇಶದ ನೌಕಾಪಡೆಗೆಂದು ಉಕ್ಕಿನ ಕವಚ ತೊಡಿಸಿದ್ದನ್ನು ಅರ್ಜೆಂಟೀನದವರು ಕೊಂಡಿದ್ದರು. ಬೆಳಗಿನಿಂದ ಬಾವುಟದ ಸಮಾರಂಭ, ಸುತ್ತಿಗೆಗಳಿಗೆಲ್ಲ ರಜೆ. ಇನ್ನು ಸುಳ್ಳಿಗೆ ಸದ್ದಿಲ್ಲ.

“ಅಮ್ಮ, ಹಡಗಿನ ಜೊತೆ ಅವನನ್ನೂ ಕಳಿಸ್ತಿದಾರೆ. ಅರ್ಜೆಂಟೀನಕ್ಕೆ.”

ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು.

“ಹೋಗಲಿ ಬಿಡು. ಕುಳ್ಳ ಅವನು, ಹಡಗಲ್ಲಿ ತಲೆ ತಾಗಲ್ಲ. ನಿನ್ನಂಥ ಏಣಿ ಹೋದ್ರೆ ಕಷ್ಟ.” ಬಟ್ಟೆಯ ಗಂಟೊಂದನ್ನು ಅವನ ಕೈಗಿಟ್ಟಳು. “ಅಂಗಿ. ಚಳಿಗಾಲವೆಲ್ಲ ಕೂತು ಹೊಲಿದೆ. ಮತ್ತೆ, ಇವತ್ತೂ ಕೇಳಿಸ್ತು ಕಣೋ. ಮೂರು ಏಟು.”

ಲಾಝರೊ ಬೆಚ್ಚಿದ. ಮುದುಕಿಗೆ ಭ್ರಮೆ ಹಿಡಿದಿದೆ ಅಂದುಕೊಂಡು ಸುಮ್ಮನೆ ತಲೆಯಾಡಿಸಿ ಹೊರಟ.

ಇಳಿಜಾರಿನಲ್ಲಿ ಅವಳ ಪಕ್ಕದ ಮನೆಯ ಕಟಾಲಿನಾ ಸಿಕ್ಕಳು.

“ಎದುರು ನಿಂತು ಮಾತಾಡಿದೆ ತಾನೇ? ಬೆನ್ನ ಹಿಂದೆ ಕೂಗಿದ್ರೆ ಪ್ರಯೋಜನ ಇಲ್ಲಪ್ಪ. ಆ ಜ್ವರ ಅವಳ ಎರಡೂ ಕಿವಿ ತಿಂದುಹಾಕ್ತು. ನಿನಗೆ ಮಾತ್ರ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ಲು. ಇನ್ನೇನು, ಹಡಗೇ ಹೊರಟಿತಲ್ಲ.”

ಲಾಝರೊ ಅಲ್ಲೇ ನಿಂತು ಗಂಟು ಬಿಚ್ಚಿದ.

ಅಂಗಿಯ ತೋಳು ಅವನ ಉದ್ದನೆಯ ಕೈಯ ಮಣಿಕಟ್ಟಿಗೆ ಸರಿಯಾಗಿ ಮುಟ್ಟಿತು.